ಉಪದೇಶಿ ಹೇಳದೆ ಬಿಟ್ಟ ಅಧ್ಯಾಯ

ಅವರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಬಗ್ಗೆ ಹೇಳಹೊರಟರೆ ನನ್ನ ತಪ್ಪಿನ ಜೊತೆಗೆ ಅವರ ತಪ್ಪನ್ನೂ ಹೇಳಬೇಕಾಗುತ್ತದೆ. ನನ್ನದನ್ನು ಹೇಳುವ ಹಕ್ಕು ನನಗಿದೆ. ಅವರದನ್ನು ಹೇಳುವಷ್ಟು ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಉಪದೇಶಿ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಚರ್ಚಿನ ಬೋಧಕರೇನಲ್ಲ. ಭಾನುವಾರ ಚರ್ಚಿನಲ್ಲಿ ನಿಂತು ಬೈಬಲ್ಲಿನ ಪಾಠ, ಅವರ ಮಾತಿನಲ್ಲಿ ವೇದಪಾಠ, ಓದುತ್ತಿದ್ದರು, ಅಷ್ಟೆ. ಯಾರೋ ತಮಾಷೆಗೆ ಇಟ್ಟ ಹೆಸರು ನಿಂತುಬಿಟ್ಟಿತು. ಅವರಿಗೂ ಅದು ಬೇಜಾರಿರಲಿಲ್ಲ.

ನಮ್ಮ ಕಾರ್ಖಾನೆ ದೊಡ್ಡದೇನಲ್ಲ. ತಗಡಿನ ಬ್ರಾಕೆಟ್ಟು, ಸಣ್ಣ ಶಾಫ್ಟು ಮಾಡಿ ದೊಡ್ಡ ಕಾರ್ಖಾನೆಗಳಿಗೆ ಕಳಿಸುತ್ತಿದ್ದೆವು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೆಲ್ಪರ್ ಆಗಿ ಸೇರಿದವನು, ಆಮೇಲೆ ಪ್ರೆಸ್ ಶಾಪಿನಲ್ಲಿ ಸೆಟ್ಟರ್ ಆದೆ. ಪ್ರೆಸ್ಸಿಗೆ ಅಚ್ಚು ಕೂರಿಸಿ, ಸರಿಯಾಗಿದೆ ಎಂದು ನೋಡಿ, ಆಪರೇಟರ್ ಕೈಗೆ ಒಪ್ಪಿಸುವುದು ಸೆಟ್ಟರ್ ಕೆಲಸ. ಉಪದೇಶಿ ಕ್ವಾಲಿಟಿಯಲ್ಲಿ ಇನ್ಸ್‌ಪೆಕ್ಟರ್. ನನ್ನ ಪ್ರೆಸ್ಸುಗಳ ಸಾಲಿಗೆ ನೇರ ಎದುರಿಗೆ ಅವರ ಮೇಜು. ಕಿವಿಯ ಹಿಂದೆ ಪೆನ್ಸಿಲ್ಲು, ಕೈಯಲ್ಲಿ ಮೈಕ್ರೋಮೀಟರ್ರು. ಅಳತೆ ನೋಡುವ ಮುಂಚೆ ಪ್ರತಿ ಪೀಸಿನ ಅಂಚಿನ ಮೇಲೂ ಹೆಬ್ಬೆರಳಾಡಿಸುತ್ತಿದ್ದರು, ಎಳೆಗೂಸಿನ ಕೆನ್ನೆ ಸವರುವ ಹಾಗೆ. ಆ ಹೆಬ್ಬೆರಳ ತುಂಬ ಸಣ್ಣ ಸಣ್ಣ ಗೀರುಗಳಿದ್ದವು. ಕೈಗವಸು ಹಾಕಿಕೊಳ್ಳಿ ಎಂದರೆ, "ಕೈಗವಸು ಹಾಕ್ಕೊಂಡ್ರೆ ತಪ್ಪು ಕೈಗೆ ಸಿಗಲ್ಲ ಕಣಯ್ಯ" ಎನ್ನುತ್ತಿದ್ದರು.

ಅವರೇನೂ ಸಾಧುವಲ್ಲ. ಕಂಪ್ರೆಸರ್ ಹಿಂದೆ ಹೋಗಿ ಕದ್ದು ನಶ್ಯ ಏರಿಸುತ್ತಿದ್ದರು. ಹೆಂಡತಿ ಕರ್ಚೀಫು ಒಗೆಯುವಾಗ ಸಿಕ್ಕಿಬೀಳಬಾರದೆಂದು ಮೂಗೊರೆಸಲು ನಮ್ಮ ಕಾಟನ್ ವೇಸ್ಟ್ ಒಯ್ಯುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ. ಮಾಲೀಕರ ಕಾರು ಗೇಟಿನೊಳಗೆ ಬಂದ ಸದ್ದಾದರೆ ಮಾತ್ರ ಆ ಸಿಟ್ಟು, ಆ ಗತ್ತು ಎಲ್ಲ ಎಲ್ಲಿಗೋ ಹೋಗಿ, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದರು. ನಾವು ನಗುತ್ತಿದ್ದೆವು. ಅದು ಎಂಥ ಭಯ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಅವರ ಕಥೆ ನಡೆಯುತ್ತಿತ್ತು. ಮೊದಲ ಸಲ ಕೇಳಿದ್ದು ನೋಹನ ಕಥೆ. ಜಲಪ್ರಳಯದಿಂದ ಪ್ರಾಣಿಪಕ್ಷಿಗಳನ್ನೆಲ್ಲ ಉಳಿಸಿದ ಮಹಾತ್ಮ ಎಂದು ನಾನು ಕೈಮುಗಿಯುವ ಹಾಗೆ ಕೂತಿದ್ದೆ. ಅವರು ಅನ್ನ ಕಲಸುತ್ತಾ, "ಆಮೇಲೆ ನೀರಿಳೀತು. ಅವನು ದ್ರಾಕ್ಷಿ ಬೆಳೆದ. ಕುಡಿದ. ಮೈಮೇಲೆ ಬಟ್ಟೆ ಇಲ್ದೆ ಗುಡಾರದಲ್ಲಿ ಬಿದ್ಕೊಂಡಿದ್ದ" ಎಂದರು.

ನನ್ನ ಕೈ ಬಾಯಿಯ ಹತ್ತಿರವೇ ನಿಂತಿತು. "ಥೂ! ಇದನ್ನೂ ಬರ್ದಿದ್ದಾರಾ ನಿಮ್ಮ ವೇದದಲ್ಲಿ?"

"ಬರ್ದಿದ್ದಾರೆ."

"ಇಂಥವರನ್ನ ಪೂಜೆ ಮಾಡ್ತೀರಾ?"

"ಪೂಜೆ ಯಾರು ಮಾಡ್ತಾರೆ? ಓದ್ತೀವಿ. ಓದಿ, ಸದ್ಯ, ನಾನೊಬ್ನೇ ಅಲ್ಲ ಅಂತ ಸಮಾಧಾನ ಮಾಡ್ಕೋತೀವಿ."

ಪ್ರೆಸ್ ಶಾಪಿನ ಜನ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಯಾರಾದರೂ ಕುಡಿದು ಡ್ಯೂಟಿ ತಪ್ಪಿಸಿದರೆ, "ಏನ್ ಗುರು, ನಿನ್ನೆ ನೋಹನ ಮನೇಲಿದ್ಯಾ?" ಎನ್ನುವುದು ರೂಢಿಯಾಯಿತು. ನನಗೆ ಮಾತ್ರ ನಗು ಬರಲಿಲ್ಲ. ದೇವರ ಪುಸ್ತಕದಲ್ಲಿ ದೊಡ್ಡವರ ಬಟ್ಟೆ ಬಿಚ್ಚಿ ನಿಲ್ಲಿಸುತ್ತಾರಲ್ಲ, ಇದೆಂಥ ಧರ್ಮ ಎಂದು ಗಾಬರಿಯಾಗಿತ್ತು. ಅವರು ಒಬ್ಬೊಬ್ಬರನ್ನಾಗಿ ತರುತ್ತಲೇ ಹೋದರು. ಹೆಂಡತಿಯನ್ನು ತಂಗಿ ಎಂದು ಸುಳ್ಳು ಹೇಳಿ ಜೀವ ಉಳಿಸಿಕೊಂಡ ಅಬ್ರಹಾಮ. ಕುರುಡು ಅಪ್ಪನಿಗೆ ಮೋಸ ಮಾಡಿದ ಯಾಕೋಬ. ಒಬ್ಬನನ್ನು ಕೊಂದು ಮರಳಿನಲ್ಲಿ ಹೂತಿಟ್ಟ ಮೋಶೆ. ದೇವರು ಪೂರ್ವಕ್ಕೆ ಹೋಗು ಎಂದರೆ ಪಶ್ಚಿಮದ ಹಡಗು ಹತ್ತಿದ ಯೋನ. ಕೋಳಿ ಕೂಗುವುದರೊಳಗೆ ಮೂರು ಸಲ, ತನ್ನ ಗುರುವನ್ನೇ ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂದ ಪೇತ್ರ.

ನಮ್ಮಲ್ಲಿ ತಪಾಸಣೆಯಾದ ಮಾಲಿಗೆ ಮೂರು ಬಣ್ಣದ ಚೀಟಿ ಕಟ್ಟುತ್ತಿದ್ದರು. ಸರಿಯಿದ್ದರೆ ಹಸಿರು. ಮತ್ತೆ ಮಿಷಿನ್ನಿಗೆ ಹಾಕಿ ತಿದ್ದಬಹುದಾದರೆ ಹಳದಿ, ಅದು ರಿವರ್ಕ್. ಗುಜರಿಗೆ ಹೋಗುವುದಕ್ಕೆ ಕೆಂಪು. ಉಪದೇಶಿ ಒಂದು ದಿನ ಕೈಯಲ್ಲಿ ಹಳದಿ ಚೀಟಿಗಳ ಕಟ್ಟು ಹಿಡಿದು, "ನಮ್ಮ ವೇದದಲ್ಲಿ ಸ್ವಾಮಿ ಒಬ್ರನ್ನ ಬಿಟ್ರೆ ಹಸಿರು ಚೀಟಿ ಯಾರಿಗೂ ಇಲ್ಲ ಕಣ್ರಯ್ಯಾ. ಎಲ್ಲಾ ರಿವರ್ಕ್ ಮಾಲೇ" ಎಂದರು.

ನಾನು ಕೇಳಿದೆ: "ಅಳತೆ ಜಾಸ್ತಿ ಇದ್ರೆ ಉಜ್ಜಿ ಸರಿ ಮಾಡ್ಬೋದು. ತೂತೇ ದೊಡ್ಡದಾಗ್ಬಿಟ್ರೆ?"

"ಬುಶ್ ಹೊಡಿ" ಎಂದರು ತಕ್ಷಣ. "ದೊಡ್ಡದಾದ ತೂತಿನೊಳಗೆ ಇನ್ನೊಂದು ಬಳೆ ಕೂರಿಸಿ, ಅದರೊಳಗೆ ಹೊಸ ತೂತು. ಬೇಕು ಅಂದ್ರೆ ದಾರಿ ಇರುತ್ತೆ. ಕೆಂಪು ಚೀಟಿ ಕಟ್ಟೋಕೆ ನಂಗಂತೂ ಕೈ ಬರಲ್ಲ."

ಬಾಯಿಮಾತಿನ ಮನುಷ್ಯ ಎಂದುಕೊಳ್ಳಬೇಡಿ. ಪ್ಯಾಕಿಂಗಿನಲ್ಲಿ ಲಕ್ಷ್ಮಮ್ಮ ಎಂಬ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಬಹಳ ಕುಗ್ಗಿದ್ದಳು. ಒಂದು ದಿನ ಕೆಲಸದ ಮಧ್ಯೆ, "ನಾನೂ ಓಗ್ಬುಟ್ರೆ ಸಾಕಪ್ಪ" ಎಂದು ಗೋಡೆಗೆ ಒರಗಿ ಕೂತಳು. ಸೂಪರ್‌ವೈಸರ್ ಧೈರ್ಯ ಹೇಳಿದ, ನಾನು ದೇವರ ಮೇಲೆ ಭಾರ ಹಾಕು ಎಂದೆ. ಉಪದೇಶಿ ಬಂದವರು ಒಂದು ಮಾತೂ ಆಡಲಿಲ್ಲ. ತಮ್ಮ ಊಟದ ಡಬ್ಬಿ ಬಿಚ್ಚಿ ಅವಳ ಮುಂದಿಟ್ಟು ಅವಳು ತಿನ್ನುವ ತನಕ ಕೂತರು. ಆಮೇಲೆ ಸ್ಟೋರಿನಲ್ಲಿ ರಟ್ಟಿನ ಪೆಟ್ಟಿಗೆ ಹಾಸಿ, "ಮಲ್ಗಮ್ಮ, ನಿನ್ನ ಲೆಕ್ಕದ ಮಾಲು ನಾವು ಪ್ಯಾಕ್ ಮಾಡ್ತೀವಿ" ಎಂದರು. ಅವಳು ಸಂಜೆಯವರೆಗೆ ಮಲಗಿದಳು. ಅಂದು ಉಪವಾಸವಿದ್ದ ಉಪದೇಶಿ ಬಸ್ ಸ್ಟಾಪಿನಲ್ಲಿ ನನಗೆ ಎಲೀಯನ ಕಥೆ ಹೇಳಿದರು. ಆಕಾಶದಿಂದ ಬೆಂಕಿ ಇಳಿಸಿದಂಥ ಪ್ರವಾದಿ, ಮರುದಿನ ಒಬ್ಬ ರಾಣಿಯ ಬೆದರಿಕೆಗೆ ಹೆದರಿ ಕಾಡಿಗೆ ಓಡಿ, ಪೊದೆಯ ಕೆಳಗೆ ಕೂತು ಸಾವು ಬೇಡಿದನಂತೆ. ದೇವದೂತ ಬಂದು ಬೈಯಲಿಲ್ಲವಂತೆ. ರೊಟ್ಟಿ ಕೊಟ್ಟು ಮಲಗಿಸಿದನಂತೆ.

"ಮೊದ್ಲು ರೊಟ್ಟಿ, ಆಮೇಲೆ ನಿದ್ದೆ. ಬುದ್ಧಿ ಹೇಳೋದು ಮೂರನೇದು. ನೀವೆಲ್ಲ ಮೂರನೇದನ್ನೇ ಮೊದ್ಲು ಮಾಡಿದ್ರಿ" ಎಂದು ನನ್ನನ್ನು ಗದರಿದರು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಬರೆದದ್ದು ಸುಲಭವಾಗಿತ್ತು.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ನನ್ನ ಸಾಲಿನ ಮೂರನೇ ಪ್ರೆಸ್ಸಿನಲ್ಲಿ ಮುನಿರಾಜು ಆಪರೇಟರ್. ಆನೇಕಲ್ ಕಡೆಯವನು, ಮೂವತ್ತರ ಆಸುಪಾಸು, ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು. ಆ ಪ್ರೆಸ್ಸು ಕಾಲಿನ ಪೆಡಲಿನದು. ಕಾಲಿನಿಂದ ಒಮ್ಮೆ ಒತ್ತಿದರೆ ಮೇಲಿನ ಭಾರ ಒಂದೇ ಸಲ ಬಿದ್ದು ತಗಡು ಕತ್ತರಿಸಿ ಮೇಲೆ ಹೋಗಿ ನಿಲ್ಲಬೇಕು. ಹಾಗೆ ಹಿಡಿದು ನಿಲ್ಲಿಸುವುದಕ್ಕೆ ಒಳಗೆ ಒಂದು ಸ್ಪ್ರಿಂಗು. ಅದು ಸೋತರೆ ಕಾಲು ತೆಗೆದ ಮೇಲೂ ಭಾರ ತನ್ನಷ್ಟಕ್ಕೆ ಇನ್ನೊಮ್ಮೆ ಬೀಳುತ್ತದೆ. ಡಬಲ್ ಹೊಡೆಯುವುದು ಎನ್ನುತ್ತೇವೆ.

ಅಂದು ಬೆಳಿಗ್ಗೆ ಅಚ್ಚು ಕೂರಿಸಿ ಖಾಲಿ ಓಡಿಸಿ ನೋಡುವಾಗ ಅದು ಒಮ್ಮೆ ಡಬಲ್ ಹೊಡೆಯಿತು. ನಾನು ಕಣ್ಣಾರೆ ನೋಡಿದೆ. ಸ್ಪ್ರಿಂಗು ಬದಲಾಯಿಸಲು ಪ್ರೆಸ್ಸು ಬಿಚ್ಚಬೇಕು, ಎರಡು ಗಂಟೆ ಹೋಗುತ್ತದೆ. ಮಾಲು ಸಂಜೆಯ ಲಾರಿಗೆ ಹೋಗಬೇಕಿತ್ತು. ಇವತ್ತೊಂದು ದಿನ ನಡೆಯುತ್ತದೆ, ನಾಳೆ ಬದಲಾಯಿಸಿದರಾಯಿತು ಎಂದು ತಂತಿ ಸುತ್ತಿ ಬಿಗಿದೆ. ಮುನಿರಾಜುವಿಗೆ ಹೇಳಲಿಲ್ಲ. ಹೇಳಿದರೆ ಅವನು ಓಡಿಸುವುದಿಲ್ಲ ಎನ್ನುತ್ತಿದ್ದ.

ಊಟವಾಗಿ ಅರ್ಧ ಗಂಟೆಗೆ ಕೂಗು ಕೇಳಿತು. ಅವನ ಬಲಗೈಯ ಮೂರು ಬೆರಳು ಹೋಗಿದ್ದವು.

ಅವನನ್ನು ಎತ್ತಿಕೊಂಡು ಎಲ್ಲರೂ ಗೇಟಿನ ಕಡೆ ಓಡಿದರು. ನಾನೂ ಓಡಬೇಕಿತ್ತು. ಓಡಲಿಲ್ಲ. ಖಾಲಿಯಾದ ಶಾಪಿನಲ್ಲಿ ಒಬ್ಬನೇ ನಿಂತು, ತಂತಿ ಕತ್ತರಿಸಿ, ಸೋತ ಸ್ಪ್ರಿಂಗು ಬಿಚ್ಚಿ ಜೇಬಿಗೆ ಹಾಕಿ, ಹೊಸದನ್ನು ಕೂರಿಸಿದೆ. ಬೆಳಿಗ್ಗೆ ಎರಡು ಗಂಟೆ ಹಿಡಿಯುತ್ತದೆ ಎಂದುಕೊಂಡಿದ್ದ ಕೆಲಸ. ನಲವತ್ತು ನಿಮಿಷದಲ್ಲಿ ಮುಗಿಯಿತು.

ವಿಚಾರಣೆಗೆ ಬಂದವರು ಪ್ರೆಸ್ಸು ಓಡಿಸಿ ನೋಡಿದರು. ಗಡಿಯಾರದ ಹಾಗೆ ನಡೆಯಿತು. ಆಪರೇಟರ್ ಪೆಡಲಿನಿಂದ ಕಾಲು ತೆಗೆದಿರಲಿಕ್ಕಿಲ್ಲ ಎಂದೆ ನಾನು. ಎದುರಿಗೆ ಮೇಜಿದ್ದ ಉಪದೇಶಿಯನ್ನೂ ಕೇಳಿದರು. "ನಾನು ಗೇಜ್ ನೋಡ್ತಿದ್ದೆ ಸಾರ್. ಏನೂ ನೋಡ್ಲಿಲ್ಲ" ಎಂದರು. ಅಜಾಗರೂಕತೆ ಎಂದು ಬರೆದುಕೊಂಡರು. ಕೈ ವಾಸಿಯಾದ ಮೇಲೆ ಮುನಿರಾಜು ಸ್ವಲ್ಪ ದಿನ ಪ್ಯಾಕಿಂಗಿನಲ್ಲಿದ್ದ. ಆಮೇಲೆ ಕೆಲಸ ಬಿಟ್ಟು ಚಂದಾಪುರಕ್ಕೆ ಹೋದ ಎಂದು ಕೇಳಿದೆ.

ಆ ಘಟನೆಯಾದ ಮೇಲೆ ನಾನು ಉಪದೇಶಿಯ ಕಥೆಗಳಿಗೆ ಅಂಟಿಕೊಂಡೆ. ಮೊದಲು ಅಸಹ್ಯಪಡುತ್ತಿದ್ದವನು ಈಗ ನಾನೇ ಹೋಗಿ, "ಇವತ್ತು ಯಾರು?" ಎಂದು ಕೂರುತ್ತಿದ್ದೆ. ಒಬ್ಬೊಬ್ಬರ ಕಥೆ ಕೇಳಿದಾಗಲೂ ಎದೆಯ ಮೇಲಿನ ಕಲ್ಲು ಒಂದು ಬೆರಳಷ್ಟು ಜರುಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಕೇಳುತ್ತಿದ್ದುದು ದಾವೀದನ ಕಥೆ. ರಾಜ ದಾವೀದ ಮಹಡಿಯ ಮೇಲಿನಿಂದ ಒಬ್ಬ ಸೈನಿಕನ ಹೆಂಡತಿಯನ್ನು ನೋಡಿ ಕರೆಸಿಕೊಂಡ. ವಿಷಯ ಮುಚ್ಚಿಹಾಕಲು ಆ ಸೈನಿಕ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸಿದ. ಅವನನ್ನು ಮುಂಚೂಣಿಯಲ್ಲಿ ನಿಲ್ಲಿಸಿ ಎಂಬ ಪತ್ರವನ್ನು ಅವನ ಕೈಯಲ್ಲೇ ಕಳಿಸಿದ. ಅಲ್ಲಿಗೆ ಬಂದು ಉಪದೇಶಿ ಕಥೆ ನಿಲ್ಲಿಸುತ್ತಿದ್ದರು. "ಅಂಥವನು ಆಮೇಲೆ ಎಂಥೆಂಥಾ ಕೀರ್ತನೆ ಬರೆದ, ದೇವರಿಗೆ ಎಷ್ಟು ಹತ್ತಿರದವನಾದ" ಎಂದು ಮುಗಿಸುತ್ತಿದ್ದರು.

ನನಗೆ ಅಷ್ಟೇ ಸಾಕಾಗಿತ್ತು. ಕೊಂದವನೇ ಪಾರಾದ, ನಾನು ಕೊಂದಿಲ್ಲವಲ್ಲ! ಇಬ್ಬರೂ ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ನಾಗಸಂದ್ರದ ಹತ್ತಿರ ಅವರ ಮನೆಗೆ ಹೋಗುತ್ತಿದ್ದೆ. ಮಕ್ಕಳ ಮದುವೆ ಮಾಡಿದೆ, ಸ್ವಂತ ಮನೆ ಕಟ್ಟಿಸಿದೆ, ಹೊಟ್ಟೆ ತುಂಬ ಉಂಡೆ. ರಿವರ್ಕ್ ಮಾಲು ಎಂದು ನನಗೆ ನಾನೇ ಚೀಟಿ ಕಟ್ಟಿಕೊಂಡು ಇಪ್ಪತ್ತಾರು ವರ್ಷ ನಿಶ್ಚಿಂತೆಯಿಂದ ಇದ್ದೆ. ನನಗೆ ವೇದ ಓದಿ ಗೊತ್ತಿರಲಿಲ್ಲ. ಅವರು ಹೇಳಿದ್ದೇ ವೇದ.

ಕಳೆದ ವರ್ಷ ಅವರ ಕಣ್ಣು ಮಂಜಾಯಿತು, ಆಮೇಲೆ ಕಿಡ್ನಿ ಕೈಕೊಟ್ಟಿತು. ಕೊನೆಯ ಸಲ ನಾನು ಹೋದಾಗ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಅವರ ಹೆಂಡತಿ, ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದ ಅಮ್ಮ, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಗಟ್ಟಿಯಾಗಿ ವೇದ ಓದಿ ಹೇಳುತ್ತಿದ್ದರು. ಅಂದು ಬಂದಿದ್ದು ಅದೇ ದಾವೀದನ ಕಥೆ. ನಾನು ಗೋಡೆಗೆ ಒರಗಿ, ಗೊತ್ತಿದ್ದ ಹಾಡು ಕೇಳುವವನ ಹಾಗೆ ಕೂತೆ. ಊರೀಯ ಸತ್ತ. ಅಧ್ಯಾಯ ಮುಗಿಯಿತು.

"ಸಾಕು ನಿಲ್ಸೇ" ಎಂದರು ಉಪದೇಶಿ.

"ಯಾಕೆ? ದಿನಕ್ಕೆರಡು ಅಧ್ಯಾಯ ಅಂತ ನೇಮ ಮಾಡಿದ್ದು ನೀವೇ."

"ರಂಗಪ್ಪ ಬಂದಿದ್ದಾನೆ. ಕಾಫಿ ಮಾಡು ಹೋಗು."

"ಕಾಫಿ ಓಡೋಗಲ್ಲ. ಅವರೂ ಕೇಳ್ಲಿ" ಎಂದು ಅಮ್ಮ ಕನ್ನಡಕ ಸರಿಮಾಡಿಕೊಂಡು ಮುಂದಿನ ಅಧ್ಯಾಯ ಶುರು ಮಾಡಿಯೇಬಿಟ್ಟರು.

ನಾನು ಆ ಭಾಗ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ನಾತಾನ ಎಂಬ ಪ್ರವಾದಿ ರಾಜನ ಹತ್ತಿರ ಬರುತ್ತಾನೆ. ಒಂದು ಊರಲ್ಲಿ ಒಬ್ಬ ಬಡವನಿದ್ದ, ಅವನಿಗೆ ಮಗಳ ಹಾಗೆ ಸಾಕಿದ ಒಂದೇ ಒಂದು ಕುರಿಮರಿಯಿತ್ತು, ಹಿಂಡು ಹಿಂಡು ಕುರಿಯಿದ್ದ ಸಾಹುಕಾರ ಅದನ್ನು ಕಿತ್ತು ಅಡುಗೆ ಮಾಡಿಸಿದ ಎಂದು ಕಥೆ ಹೇಳುತ್ತಾನೆ. ರಾಜ ಕೆಂಡವಾಗಿ, ಅಂಥವನು ಸಾಯಬೇಕು ಎನ್ನುತ್ತಾನೆ. ಆಗ ನಾತಾನ ರಾಜನ ಮುಖಕ್ಕೇ, ಆ ಸಾಹುಕಾರ ನೀನೇ ಎನ್ನುತ್ತಾನೆ.

ಉಪದೇಶಿಯತ್ತ ನೋಡಿದೆ. ಅವರು ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು.

ಅಮ್ಮ ಓದಿ ಮುಗಿಸಿ ಅಡುಗೆಮನೆಗೆ ಹೋದರು. ನಾನು ಮಂಚದ ಹತ್ತಿರ ಸರಿದು, "ಏನ್ರೀ ಇದು? ಇಷ್ಟು ವರ್ಷದಲ್ಲಿ ಈ ನಾತಾನನ್ನ ಒಂದ್ಸಲನೂ ಹೇಳ್ಲಿಲ್ವಲ್ಲ ನೀವು?" ಎಂದೆ.

ಗೋಡೆಯತ್ತಲೇ ಮುಖವಿಟ್ಟು ಹೇಳಿದರು:

"ಆ ಭಾಗ ಹೇಳಿದ್ರೆ, ಆಮೇಲೆ ನಿನ್ನ ಮುಖ ನೋಡಿ ಇನ್ನೊಂದು ಮಾತು ಹೇಳ್ಬೇಕಾಗ್ತಿತ್ತು ಕಣಯ್ಯ. ನೀನು ಸ್ಪ್ರಿಂಗು ಬಿಚ್ಚಿ ಜೇಬಿಗೆ ಹಾಕ್ಕೊಂಡಿದ್ದು ನಾನು ನೋಡ್ದೆ."

ಶಾಪು ಖಾಲಿಯಿತ್ತಲ್ಲ, ನಾನೊಬ್ಬನೇ ಇದ್ದೆನಲ್ಲ ಎಂದು ಮನಸ್ಸು ಒದ್ದಾಡಿತು. "ಎಲ್ಲಿಂದ ನೋಡಿದ್ರಿ?" ಎಂಬ ಮಾತು ಮಾತ್ರ ಬಾಯಿಗೆ ಬಂತು. ಕೇಳಬೇಕಾದ ಪ್ರಶ್ನೆಯೇ ಅದು!

"ಎಲ್ಲಿಂದ ಅಂದ್ರೆ? ರಕ್ತ ನೋಡಿ ತಲೆ ಸುತ್ತಿ ನನ್ನ ಮೇಜಿನ ಹಿಂದೆ ನೆಲದ ಮೇಲೆ ಕೂತಿದ್ದೆ. ನಲವತ್ತು ನಿಮಿಷ ಕೂತಿದ್ದೆ. ಎದ್ದೇಳೋಕೆ ಧೈರ್ಯ ಬರ್ಲಿಲ್ಲ."

"ಮತ್ತೆ ವಿಚಾರಣೇಲಿ ಯಾಕೆ..."

"ಭಯ." ಒಂದೇ ಮಾತು. ಆಮೇಲೆ ಉಸಿರು ತೆಗೆದುಕೊಂಡು, "ಮಾಲೀಕ್ರು ಎದುರಿಗೇ ಕೂತಿದ್ರು. ಮಿಷಿನ್ ತಪ್ಪು ಅಂತ ಬಾಯಿಬಿಟ್ರೆ ನಾಳೆ ನನಗೂ ಗೇಟು ತೋರಿಸ್ತಾರೆ ಅಂತ. ಪೇತ್ರನಿಗಾದ್ರೂ ಕೋಳಿ ಕೂಗ್ತು, ಅತ್ತ. ಪೀಣ್ಯದಲ್ಲಿ ಸೈರನ್ ಕೂಗ್ತು, ನಾನು ಚೀಟಿ ಕಟ್ಟೋಕೆ ಹೋದೆ."

"ಆಮೇಲಾದ್ರೂ ನನಗೆ ಹೇಳ್ಬೋದಿತ್ತಲ್ಲ."

"ನೀನು ದಿನಾ ಕಥೆ ಕೇಳೋಕೆ ಬರ್ತಿದ್ದೆ. ಯಾಕೆ ಬರ್ತೀಯ ಅಂತ ನನಗೆ ಗೊತ್ತಿತ್ತು. ಕೇಳ್ತಾ ಕೇಳ್ತಾ ಒಂದಿನ ನೀನೇ ಬಾಯಿಬಿಡ್ತೀಯ ಅಂತ ಕಾದೆ. ನೀನು ಬಿಡ್ಲಿಲ್ಲ. ನಿನ್ನ ಮುಖ ಹಗುರ ಆಗ್ತಾ ಬಂತು. ಅದನ್ನ ನೋಡಿ ನನಗೂ ಹಗುರ ಆಗ್ತಿತ್ತು. ಸುಳ್ಳು ಯಾಕೆ ಹೇಳ್ಲಿ, ನಾನೂ ಆ ಕಥೆಗಳನ್ನ ನನಗೇ ಹೇಳ್ಕೋತಿದ್ದೆ." ಈಗ ಮುಖ ನನ್ನತ್ತ ತಿರುಗಿಸಿದರು. ಕಣ್ಣು ಕಾಣದಿದ್ದರೂ ನೇರ ನನ್ನನ್ನೇ ನೋಡಿದ ಹಾಗಿತ್ತು. "ನಾತಾನ ಬರದೇ ಹೋಗಿದ್ರೆ ಏನಾಗ್ತಿತ್ತು ಹೇಳು? ರಾಜ ಹಾಡು ಹೇಳ್ಕೊಂಡು ಆರಾಮಾಗಿ ಇರ್ತಿದ್ದ. ನಿನ್ನ ಹಂಗೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಹಳದಿ ಚೀಟಿ ಕಟ್ಟಿ ಮೂಲೇಲಿಟ್ಟ ಮಾಲು ಏನಾಗುತ್ತೆ?" ಎಂದು ಕೇಳಿದರು.

"ತುಕ್ಕು ಹಿಡಿಯುತ್ತೆ."

"ಇಬ್ಬರಿಗೂ ಹಿಡೀತು. ಚೀಟಿ ಕಟ್ಟಿದ ಮೇಲೆ ಮಿಷಿನ್ನಿಗೆ ಹಾಕ್ಬೇಕು ಅನ್ನೋದನ್ನ ನಾನು ನಿನಗೆ ಹೇಳ್ಲೇ ಇಲ್ಲ. ಅವರೆಲ್ಲ ಎಡವಿದ್ರು ಅನ್ನೋದಷ್ಟೇ ಹೇಳ್ದೆ. ಎದ್ದು ಎಲ್ಲಿಗೆ ಹೋದ್ರು ಅನ್ನೋದನ್ನ ನುಂಗಿಕೊಂಡೆ. ಯಾಕೋಬ ಕುಂಟ್ತಾ ಕುಂಟ್ತಾ, ತಾನು ಮೋಸ ಮಾಡಿದ ಅಣ್ಣನ ಎದುರಿಗೆ ಹೋಗಿ ಏಳು ಸಲ ಬಗ್ಗಿದ. ಅದನ್ನೂ ಹೇಳಿಲ್ಲ ನಿನಗೆ." ಅವರ ಕೈ ನನ್ನ ಕೈಗಾಗಿ ತಡಕಾಡಿತು. "ರಂಗಪ್ಪ, ಆ ಮುನಿರಾಜು ಬದುಕಿದ್ದಾನೆ. ಚಂದಾಪುರದಲ್ಲಿ ಅಂಗಡಿ ಇಟ್ಕೊಂಡಿದ್ದಾನೆ. ನನ್ನ ಕೈಲಿ ಆಗ್ಲಿಲ್ಲ. ನೀನು ಹೋಗು."

ಅಮ್ಮ ಕಾಫಿ ತಂದರು. ಕುಡಿದು ಬಂದೆ. ಹೋಗುತ್ತೇನೆ ಎಂದು ಅವರಿಗೆ ಹೇಳಲಿಲ್ಲ.

ಹನ್ನೊಂದು ದಿನಕ್ಕೆ ಅವರು ಹೋದರು. ಸಮಾಧಿಯ ಹತ್ತಿರ ಚರ್ಚಿನ ಅಯ್ಯನವರು ಅವರನ್ನು ಸತ್ಯವಂತ ಎಂದರು. ಸುತ್ತಲೂ ನಿಂತವರೆಲ್ಲ ತಲೆಯಾಡಿಸಿದರು. ಆ ಗುಂಪಿನಲ್ಲಿ ಆ ಮಾತು ಪೂರ್ತಿ ನಿಜವಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಅವರನ್ನು ಹಾಗೆ ಅರ್ಧ ಸತ್ಯವಂತರನ್ನಾಗಿ ಮಾಡಿದವನೂ ನಾನೇ. ಒಂದು ಹಿಡಿ ಮಣ್ಣು ಹಾಕುವಾಗ ಕೈ ಮೇಲೇಳಲಿಲ್ಲ. ಪಕ್ಕದವರು ನನಗೆ ವಯಸ್ಸಾಯಿತೆಂದು ತೋಳು ಹಿಡಿದುಕೊಂಡರು.

ಮುಂದಿನ ವಾರ ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಆಮೇಲೆ ಬಸ್ಸು ಹಿಡಿದು ಚಂದಾಪುರಕ್ಕೆ ಹೋದೆ. ಬೆರಳಿಲ್ಲದ ಮುನಿರಾಜು ಅಂಗಡಿ ಎಂದರೆ ಸಾಕು, ಯಾರಾದರೂ ತೋರಿಸುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಕಿರಾಣಿ ಅಂಗಡಿ. ನನ್ನ ಗುರುತು ಹಿಡಿಯಲು ಅವನಿಗೆ ಅರೆ ನಿಮಿಷವೂ ಬೇಕಾಗಲಿಲ್ಲ.

"ಅಯ್ಯೋ, ಸೆಟ್ಟರ್ ಸಾರ್! ಬನ್ನಿ ಬನ್ನಿ. ಏನು ಇಷ್ಟು ದೂರ? ಏ ಸರೋಜಾ, ನೋಡೇ ಯಾರು ಬಂದವ್ರೆ, ಪೀಣ್ಯದಲ್ಲಿ ನನ್ನ ಸೆಟ್ಟರ್ರು!"

ಆ ಸಂತೋಷ ನೋಡಿ ನನಗೆ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಜಿಗಣಿಯ ಕಾರ್ಖಾನೆಗೆ ಹೋಗುವ ಇಬ್ಬರು ಗಿರಾಕಿಗಳು ಬಂದರು. ಮುನಿರಾಜು ಬಿಸ್ಕತ್ತು ಕೊಡುತ್ತಾ, ಎರಡೇ ಬೆರಳಿನ ಬಲಗೈ ಎತ್ತಿ ಅವರಿಗೆ ತೋರಿಸಿದ. "ಉಷಾರು ಕಣ್ರಪ್ಪಾ. ನನ್ನಂಗೆ ಮೈಮರೀಬೇಡಿ. ಮಿಷಿನ್ ತಪ್ಪು ಮಾಡಲ್ಲ, ನಾವು ಮಾಡೋದು." ಅವರು ದಿನಾ ಕೇಳಿದ ಮಾತೆಂಬಂತೆ ನಗುತ್ತಾ ಹೋದರು.

ಸರೋಜಮ್ಮ ಮಜ್ಜಿಗೆ ತಂದುಕೊಟ್ಟು, "ಈಗ್ಲೂ ಅದೇ ಕೊರಗು ನೋಡಿ ಇವರಿಗೆ" ಎಂದರು. "ಅವತ್ತಿಂದ ಗಾಡಿ ಮುಟ್ಟಿಲ್ಲ. ಇದ್ದ ಮೊಪೆಡ್ಡೂ ಮಾರಿಬಿಟ್ರು. ಮಗಳು ಚಿಕ್ಕೋಳಿದ್ದಾಗ ಎತ್ಕೊಂಡು ರಸ್ತೆ ದಾಟ್ತಿರ್ಲಿಲ್ಲ. ನನ್ನ ಕಾಲು ನನ್ನ ಮಾತು ಕೇಳಲ್ಲ, ನೀನೇ ಎತ್ಕೋ ಅನ್ನೋರು."

ಅವನು ನನ್ನನ್ನು ಶಪಿಸುತ್ತಾ ಬದುಕಿರಬಹುದು, ಅಥವಾ ಮರೆತಿರಬಹುದು ಎಂದುಕೊಂಡಿದ್ದೆ. ನಾನು ವಿಚಾರಣೆಯಲ್ಲಿ ಆಡಿದ ಸುಳ್ಳನ್ನು ಅವನೇ ನಂಬಿಕೊಂಡು, ತನ್ನ ಕಾಲನ್ನೇ ನಂಬದೆ, ಮಗಳನ್ನೂ ಎತ್ತಿಕೊಳ್ಳದೆ ಬದುಕಿದ್ದಾನೆ ಎಂಬುದು ನನ್ನ ಕಲ್ಪನೆಗೂ ಬಂದಿರಲಿಲ್ಲ. ನಾನು ತೆಗೆದದ್ದು ಮೂರು ಬೆರಳಷ್ಟೇ ಅಲ್ಲ.

ಮಜ್ಜಿಗೆ ಲೋಟ ಕೆಳಗಿಟ್ಟು ಎದ್ದು ನಿಂತು ಹೇಳಿದೆ. ಬೆಳಿಗ್ಗೆಯೇ ಡಬಲ್ ಹೊಡೆದದ್ದು, ತಂತಿ ಸುತ್ತಿದ್ದು, ಸ್ಪ್ರಿಂಗು ಬದಲಾಯಿಸಿದ್ದು, ವಿಚಾರಣೆಯಲ್ಲಿ ಹೇಳಿದ್ದು, ಎಲ್ಲ. ನಡುವೆ ಒಬ್ಬ ಹೆಂಗಸು ಬಂದು ಕೊತ್ತಂಬರಿ ಬೀಜ ಕೇಳಿದಳು, ಯಾರೂ ಉತ್ತರಿಸದ್ದರಿಂದ ಹೋದಳು.

ಮುನಿರಾಜು ತನ್ನ ಕಾಲಿನತ್ತ ನೋಡಿಕೊಂಡ. "ಅಂಗಾದ್ರೆ ನಾನು ಕಾಲು ಎತ್ತಿದ್ನಾ?"

"ನಾನು ನೋಡಿಲ್ಲ. ಆದ್ರೆ ಆ ಸ್ಪ್ರಿಂಗು ಸತ್ತಿತ್ತು. ನೀನು ಕಾಲು ಎತ್ತಿದ್ರೂ ಅದು ಬೀಳ್ತಿತ್ತು."

"ಎತ್ತಿದ್ದೆ ಸಾರ್. ಎತ್ತಿದ್ದೆ ಅಂತ ನಂಗೆ ನೆನಪಿತ್ತು. ಎಲ್ರೂ ಇಲ್ಲ ಅಂದ್ರಲ್ಲ, ಅದಕ್ಕೆ ನನ್ನ ನೆನಪೇ ಸುಳ್ಳು ಅನ್ಕೊಂಡೆ."

ಸರೋಜಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಇಷ್ಟು ವರ್ಷ ನಿಮಗೆ ಅನ್ನ ಎಂಗೆ ಸೇರ್ತು?" ಎಂದು ಕೇಳಿದರು. ಬೈಗುಳವಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. ಸೇರಿತ್ತಲ್ಲ, ಚೆನ್ನಾಗಿಯೇ ಸೇರಿತ್ತು. ಏನೆಂದು ಹೇಳಲಿ? ನನಗೆ ಒಬ್ಬರು ಕಥೆ ಹೇಳುತ್ತಿದ್ದರು ಎಂದೆ. ಅವರೇ ನನ್ನನ್ನು ಇಲ್ಲಿಗೆ ಕಳಿಸಿದ್ದು, ಅವರಿಗೂ ಇದು ಗೊತ್ತಿತ್ತು ಎಂದು ಉಪದೇಶಿಯ ವಿಷಯ ಹೇಳಿದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಉಪದೇಶಿ ಸಾರಾ? ಅವರು ವರ್ಷಾ ವರ್ಷ ಕ್ರಿಸ್‌ಮಸ್ಸಿಗೆ ಕೇಕ್ ತಗೊಂಡು ಬರೋರಲ್ಲ ಇಲ್ಲಿಗೆ" ಎಂದ ಮುನಿರಾಜು. "ಎರಡು ಬಸ್ಸು ಬದಲಾಯಿಸ್ಕೊಂಡು ಬರೋರು. ಮಗಳ ಮಾರ್ಕ್ಸ್ ಕೇಳೋರು, ನನ್ನ ಕೈ ಹಿಡ್ಕೊಂಡು ನೋಡೋರು. ಹೊರಡೋವಾಗ ಬಾಗಿಲಲ್ಲಿ ನಿಂತ್ಕೊಂಡು ಚಪ್ಪಲಿ ಹಾಕ್ಕೊಳ್ಳೋಕೆ ಅಷ್ಟೊತ್ತು ಮಾಡೋರು. ವಯಸ್ಸಾಯ್ತು, ಬಗ್ಗೋಕಾಗಲ್ಲ ಅಂತ ನಾನೇ ಒಂದೊಂದ್ಸಲ ಹಾಕಿ ಕಳಿಸ್ತಿದ್ದೆ."

ಮೂವತ್ತು ವರ್ಷದಿಂದ ಬಲ್ಲೆ ಎಂದುಕೊಂಡಿದ್ದ ಮನುಷ್ಯ. ಪ್ರತಿ ವರ್ಷ ಇಲ್ಲಿಯವರೆಗೆ ಬಂದು, ಹೊಸ್ತಿಲ ಮೇಲೆ ನಿಂತು, ಆ ಮಾತು ಬಾಯಿಗೆ ಬಾರದೆ ತಿರುಗಿ ಹೋಗಿದ್ದರು. ನನಗೆ ಒಂದು ಸಲವೂ ಹೇಳಲಿಲ್ಲ.

ಮುನಿರಾಜು ಹೊಸೂರಿನಲ್ಲಿದ್ದ ಮಗಳಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟು, "ಅವಳಿಗೂ ಹೇಳಿ ಸಾರ್" ಎಂದ. ಹೇಳಿದೆ. ಆ ಕಡೆಯಿಂದ "ಅಪ್ಪಂಗೆ ಕೊಡಿ" ಎಂಬ ಎರಡೇ ಮಾತು. ಅವನು ಎಡಗೈಯಲ್ಲಿ ಫೋನು ಹಿಡಿದು ಅಂಗಡಿಯ ಮೂಲೆಗೆ ಹೋಗಿ ನಿಂತ. ಅವನ ಭುಜ ಅಲುಗುತ್ತಿದ್ದುದು ಕಂಡಿತು. ಪಕ್ಕದ ಮನೆಯವರು ಏನಾಯಿತೆಂದು ಇಣುಕಿದರು. ಅವರಿಗೂ ಹೇಳಬೇಕಾಯಿತು. ನನ್ನನ್ನು ಕೂರಿ ಎಂದು ಯಾರೂ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಕತ್ತಲಾಗುವ ಮುಂಚೆ ಹೊರಟೆ. ಮುನಿರಾಜು ಬಸ್ ಸ್ಟಾಪಿನವರೆಗೂ ನಡೆದುಕೊಂಡು ಬಂದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಬಸ್ಸು ಬಂದು ನಿಂತಾಗ ನನ್ನ ತೋಳು ಹಿಡಿದು ನಿಲ್ಲಿಸಿದ.

"ಇನ್ನೊಂದ್ಸಲ ಹೇಳಿ ಹೋಗಿ ಸಾರ್."

ಕಂಡಕ್ಟರ್ ಬೇಗ ಹತ್ತಿ ಎಂದು ಕೂಗುತ್ತಿದ್ದ. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟುಕೊಂಡೇ ಹೇಳಿದೆ, "ನೀನು ಕಾಲು ಎತ್ತಿದ್ದೆ ಮುನಿರಾಜು. ತಪ್ಪು ನಂದು."